ಅಂಕಿಗೂ ಒಂದು ಮೈ ಬೇಕು

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಅಭಿನಯಿಸಿದ್ದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡ ತೆರೆ ಆಡಿದ ಮೊದಲ ಮಾತನ್ನು ನಾವು ಕೇಳುವಂತಿಲ್ಲ.

ಇದಕ್ಕೆ ಕಾರಣವನ್ನು ಆ ಕಾಲದ ರೀಲಿನಲ್ಲೇ ಹುಡುಕಬೇಕು. ಆಗಿನ ಫಿಲ್ಮು ನೈಟ್ರೇಟಿನದು. ಬೇಗ ಹೊತ್ತಿಕೊಳ್ಳುವಂಥದು, ಸೆಕೆಗೆ ಕೊಳೆಯುವಂಥದು. ಚಿತ್ರ ಮೂಡುತ್ತಿದ್ದುದು ಬೆಳ್ಳಿಯ ಕಣಗಳಲ್ಲಿ. ಆ ಬೆಳ್ಳಿಗಾಗಿಯೇ ಕರಗಿಹೋದ ಹಳೆಯ ರೀಲುಗಳೂ ಉಂಟು. ಧ್ವನಿಯೂ ರೀಲಿನ ಅಂಚಿನಲ್ಲಿ ಗೀರಾಗಿ ಅಚ್ಚಾಗಿರುತ್ತಿತ್ತು. ಕಲೆಗೆ ಆಗ ಕಣ್ಣಿಗೆ ಕಾಣುವ, ಕೈಗೆ ಸಿಗುವ ಮೈಯಿತ್ತು. ಮೈ ಅಳಿದಾಗ ಕಲೆಯೂ ಅಳಿಯಿತು.

ಡಿಜಿಟಲ್ ತಂತ್ರಜ್ಞಾನ ಚಿತ್ರವನ್ನೂ ಧ್ವನಿಯನ್ನೂ ಸೊನ್ನೆ ಮತ್ತು ಒಂದರ ಸಾಲಾಗಿ ಬರೆದಿಡುತ್ತದೆ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿಯನ್ನು 44,100 ಬಾರಿ ಅಳೆದಿರುತ್ತಾರೆ. ಹಾಡೂ ಅಂಕಿ, ಮುಖವೂ ಅಂಕಿ. ಎಷ್ಟು ಬಾರಿ ನಕಲು ಮಾಡಿದರೂ ಅಂಕಿ ಸವೆಯುವುದಿಲ್ಲ. ಹಾಗಾದರೆ ಕಲೆಗೆ ಇನ್ನು ಮೈಯೇ ಬೇಡವೇ?

ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ಇದಕ್ಕೆ ಉತ್ತರ ಹೇಳುತ್ತದೆ. ಆ ಕಪ್ಪು ಬಿಳುಪು ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತಿತರ ಸಂಸ್ಥೆಗಳು 4ಕೆ ಡಿಜಿಟಲ್ ರೂಪಕ್ಕೆ ತಂದವು. ಅಡ್ಡಸಾಲಿಗೆ ಸುಮಾರು 4,000 ಬಿಂದುಗಳ ಈ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಪುಣೆಯ ಚಲನಚಿತ್ರ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿದ್ದರಿಂದಲೇ ಇದು ಸಾಧ್ಯವಾಯಿತು. ಮೈ ಉಳಿದಿತ್ತು, ಅಂಕಿ ಹುಟ್ಟಿತು. ‘ಸತಿ ಸುಲೋಚನ’ಕ್ಕೆ ಆ ಭಾಗ್ಯವಿಲ್ಲ.

ಅಂಕಿಯಾದ ಮೇಲೂ ನಿಶ್ಚಿಂತೆಯಿಲ್ಲ. ಅಂಕಿ ಗಾಳಿಯಲ್ಲಿ ತೇಲುವುದಿಲ್ಲ. ಯಾವುದೋ ಹಾರ್ಡ್ ಡಿಸ್ಕಿನ ಲೋಹದ ತಟ್ಟೆಯ ಮೇಲೆ ಕುಳಿತಿರುತ್ತದೆ. ಆ ತಟ್ಟೆ ಕೆಡುತ್ತದೆ. ಓದುವ ಯಂತ್ರವೂ ಹಳತಾಗುತ್ತದೆ. ಮನೆಮನೆಯಲ್ಲಿದ್ದ ವಿ.ಎಚ್.ಎಸ್. ಯಂತ್ರದ ತಯಾರಿಕೆ 2016ರಲ್ಲಿ ನಿಂತೇಹೋಯಿತು.

ಇದು ಸಿನಿಮಾದವರಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ತುಮಕೂರಿನ ಅಂತರಸನಹಳ್ಳಿಯಲ್ಲಾಗಲಿ, ನಾಟಕ ಕಂಪನಿಗೆ ಹೆಸರಾದ ಗುಬ್ಬಿಯಲ್ಲಾಗಲಿ, ಟ್ರಂಕಿನೊಳಗೆ ಮದುವೆಯ ಕ್ಯಾಸೆಟ್ಟೋ ಊರ ನಾಟಕದ ಧ್ವನಿಮುದ್ರಣವೋ ಇರುವ ಮನೆಗಳಿಗೆಲ್ಲ ಇದು ಅನ್ವಯಿಸುತ್ತದೆ. ಅದನ್ನು ಡಿಜಿಟಲ್ ಮಾಡಿಸುವುದು ಒಳ್ಳೆಯದು. ಎರಡು ಕಡೆ ಪ್ರತಿ ಇಟ್ಟು, ಕೆಲವು ವರ್ಷಕ್ಕೊಮ್ಮೆ ಹೊಸ ಡಿಸ್ಕಿಗೆ ಸಾಗಿಸುವುದು ಇನ್ನೂ ಒಳ್ಳೆಯದು. ಮೂಲ ಕ್ಯಾಸೆಟ್ಟನ್ನು ಮಾತ್ರ ಗುಜರಿಗೆ ಹಾಕಬೇಡಿ.