ಕ್ಯಾಲಿಫೋರ್ನಿಯಾದ ಭಂಗಿ ಕಾಯಿದೆಗಳೂ ದಂಡನೆಯ ಪ್ರಮಾಣವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಪರಾಧಗಳನ್ನು ಗೊತ್ತುಮಾಡಿ ದಂಡನೆಯನ್ನು ವಿಧಿಸುವ ಅಧಿಕಾರವು ಬಹುಮಟ್ಟಿಗೆ ಆಯಾ ಸಂಸ್ಥಾನದ್ದೇ ಆಗಿರುವುದರಿಂದ, ಭಂಗಿ ಅಥವಾ ಗಾಂಜಾ ಗಿಡದ ವಿಷಯದಲ್ಲಿ ಅಲ್ಲಿಯ ಕಾಯಿದೆಗಳಿಗೆ ಏಕರೂಪವಾದ ಚರಿತ್ರೆಯಿಲ್ಲ. ಒಂದು ಸಂಸ್ಥಾನದಲ್ಲಿ ಜುಲ್ಮಾನೆಯಿಂದ ತೀರುತ್ತಿದ್ದ ತಪ್ಪಿಗೆ ಇನ್ನೊಂದರಲ್ಲಿ ಆಜೀವ ಸೆರೆವಾಸವು ಒದಗುತ್ತಿದ್ದ ಕಾಲವೂ ಉಂಟು. ಪ್ರಕೃತ ಲೇಖನದಲ್ಲಿ ಪಶ್ಚಿಮ ಸಮುದ್ರತೀರದ ಕ್ಯಾಲಿಫೋರ್ನಿಯಾವನ್ನು ಮುಖ್ಯವಾಗಿ ಎತ್ತಿಕೊಂಡಿದೆ. ಈ ಗಿಡವನ್ನು ಮೊದಮೊದಲು ನಿಷೇಧಿಸಿದ ಸಂಸ್ಥಾನಗಳಲ್ಲಿ ಅದೊಂದು. ಮೇಲಾಗಿ ಆ ನಿಷೇಧದ ಜನ್ಮವೃತ್ತಾಂತದಲ್ಲಿ ನಮ್ಮ ದೇಶೀಯರ ಹೆಸರು ಸೇರಿಕೊಂಡಿದೆ.

ಆ ವೃತ್ತಾಂತಕ್ಕೆ ಮೊದಲು ಭಾರತದಲ್ಲಿ ನಡೆದ ಒಂದು ವಿಚಾರಣೆಯನ್ನು ಸ್ಮರಿಸಬೇಕು. ಭಂಗಾ ಎಂಬ ಹೆಸರು ಅಥರ್ವವೇದದ ಹನ್ನೊಂದನೆಯ ಕಾಂಡದಷ್ಟು ಹಳೆಯದು. ನಮ್ಮ ಭಂಗಿಸೊಪ್ಪು ಅದರ ಸಂತತಿಯೇ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಈ ವಸ್ತುವಿನ ವಿಷಯವಾಗಿ ಪ್ರಶ್ನೆಯೆದ್ದ ಕಾರಣ ಭಾರತ ಸರ್ಕಾರದವರು 1893 ರಲ್ಲಿ ಒಂದು ಆಯೋಗವನ್ನು ನೇಮಿಸಿದರು. ಏಳು ಮಂದಿ ಸದಸ್ಯರಿದ್ದ ಆ ಆಯೋಗವು 1193 ಸಾಕ್ಷಿಗಳನ್ನು ವಿಚಾರಿಸಿ, ಮಿತವಾದ ಸೇವನೆಯಿಂದ ದೇಹಕ್ಕಾಗಲಿ ಬುದ್ಧಿಗಾಗಲಿ ನಡತೆಗಾಗಲಿ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡುಂಟು, ಆದಕಾರಣ ಪೂರ್ಣ ನಿಷೇಧಕ್ಕಿಂತ ಸುಂಕವೂ ಹತೋಟಿಯೂ ಮೇಲು ಎಂದು 1894 ರಲ್ಲಿ ವರದಿಯಿತ್ತಿತು. ಆ ತೀರ್ಪು ಸರಿಯೋ ತಪ್ಪೋ ಎಂಬುದು ವೈದ್ಯರಿಗೆ ಬಿಟ್ಟ ಮಾತು. ಇಷ್ಟು ವಿಸ್ತಾರವಾದ ವಿಚಾರಣೆಯ ಫಲವು ಅಚ್ಚಾಗಿ ಇಪ್ಪತ್ತು ವರ್ಷಗಳೂ ಕಳೆಯದಿರುವಾಗ ಕ್ಯಾಲಿಫೋರ್ನಿಯಾದವರು ಅದನ್ನು ತಿರುವಿ ನೋಡಿದ್ದರೆಂಬುದಕ್ಕೆ ಅವರ ಕಾಯಿದೆಯಲ್ಲಿ ಯಾವ ಗುರುತೂ ಕಾಣದು.

ಆ ಸಂಸ್ಥಾನದ ಔಷಧ ಮಂಡಲಿಯ ಸದಸ್ಯನಾಗಿದ್ದ ಹೆನ್ರಿ ಫಿಂಗರ್ ಎಂಬಾತನು 1911 ರಲ್ಲಿ, ಹೇಗ್ ನಗರದ ಅಫೀಮು ಸಮ್ಮೇಳನಕ್ಕೆ ಅಮೆರಿಕದ ಪ್ರತಿನಿಧಿಗಳಲ್ಲೊಬ್ಬನಾಗಿ ಹೊರಡುವ ಮೊದಲು, ಹ್ಯಾಮಿಲ್ಟನ್ ರೈಟ್ ಎಂಬ ಅಧಿಕಾರಿಗೆ ಒಂದು ಪತ್ರವನ್ನು ಬರೆದನು. ಈಚೆಗೆ ‘ಹಿಂದೂ’ಗಳು ಗುಂಪುಗುಂಪಾಗಿ ಬಂದಿಳಿಯುತ್ತಿದ್ದಾರೆ, ಅವರಿಂದ ಗಾಂಜಾಕ್ಕೆ ಬೇಡಿಕೆ ಹುಟ್ಟಿದೆ, ಬಿಳಿಯರಿಗೂ ಅವರು ಈ ಚಟವನ್ನು ಕಲಿಸುತ್ತಿದ್ದಾರೆ ಎಂಬುದು ಅದರ ತಾತ್ಪರ್ಯ. ‘ಹಿಂದೂ’ ಎಂಬುದು ಅಲ್ಲಿ ಮತವಾಚಕವಲ್ಲ, ದೇಶವಾಚಕ. ಬಂದವರಲ್ಲಿ ಬಹುಪಾಲು ಪಂಜಾಬಿನ ಸಿಖ್ಖರು. ಮರದ ಕಾರ್ಖಾನೆಗಳಲ್ಲಿಯೂ ರೈಲುದಾರಿಯಲ್ಲಿಯೂ ಹೊಲಗಳಲ್ಲಿಯೂ ಕೂಲಿಮಾಡುತ್ತಿದ್ದ ಕೆಲವೇ ಸಾವಿರ ಜನ. 1913 ರಲ್ಲಿ ವಿಷಪದಾರ್ಥಗಳ ಕಾಯಿದೆಗೆ ತಿದ್ದುಪಡಿಯಾಗಿ, ಭಂಗಿಯಿಂದ ತಯಾರಾದ ಮಾದಕವಸ್ತುಗಳನ್ನು ಇಟ್ಟುಕೊಳ್ಳುವುದೂ ಅಪರಾಧವಾಯಿತು. ಪತ್ರಿಕೆಗಳಲ್ಲಿ ಇದನ್ನು ಕುರಿತು ಹೇಳಿಕೊಳ್ಳುವಂಥ ಚರ್ಚೆಯೇ ನಡೆಯಲಿಲ್ಲ.

ಈ ಸಂಗತಿಗಳನ್ನು ದಾಖಲೆಗಳಿಂದ ಹೊರತೆಗೆದು 1999 ರಲ್ಲಿ ಪ್ರಕಟಿಸಿದವರು ಡೇಲ್ ಗೀರಿಂಗರ್. ಅವರು ನಿಷೇಧವನ್ನು ತೆಗೆಯಬೇಕೆಂಬ ಪಕ್ಷದವರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಆದರೆ ದಾಖಲೆಗಳು ದಾಖಲೆಗಳೇ. ಪರದೇಶೀಯರ ದ್ವೇಷವೊಂದೇ ಈ ಕಾಯಿದೆಗೆ ಕಾರಣವೆನ್ನುವುದು ನಮಗೆ ಅತಿಯಾಗಿ ಕಾಣುತ್ತದೆ. ಮಂಡಲಿಯವರು ಅಫೀಮಿನ ಮೇಲೆ ಹೂಡಿದ್ದ ಕಾರ್ಯಾಚರಣೆಯನ್ನು ಇನ್ನೊಂದು ವಸ್ತುವಿಗೆ ವಿಸ್ತರಿಸಿದರೆಂಬುದೂ ಅಷ್ಟೇ ನಿಜ. ಆದರೂ ಪೌರತ್ವಕ್ಕೆ ಅರ್ಹರಲ್ಲದ ಪರದೇಶೀಯರು ಭೂಮಿಯನ್ನು ಕೊಳ್ಳಬಾರದೆಂಬ ಕಾಯಿದೆಯನ್ನು, ಮುಖ್ಯವಾಗಿ ಜಪಾನೀಯರನ್ನು ಉದ್ದೇಶಿಸಿ, ಅದೇ ಶಾಸನಸಭೆಯು ಅದೇ 1913 ರಲ್ಲಿ ಮಾಡಿತೆಂಬುದನ್ನು ಮರೆಯಲಾಗದು.

ಕಾಯಿದೆಯ ಮಾತುಗಳೂ ಗಮನಾರ್ಹವಾಗಿವೆ. ಅದರಲ್ಲಿ ‘ಹೆಂಪ್’ ಎಂಬ ಹೆಸರಿನ ಜೊತೆಗೆ ‘ಲೋಕೋ ಕಳೆ’ ಎಂಬ ಹೆಸರೂ ಇದೆ. ಲೋಕೋ ಎಂದರೆ ಸ್ಪಾನಿಷ್ ಭಾಷೆಯಲ್ಲಿ ಹುಚ್ಚು. ನಿಜವಾದ ಲೋಕೋ ಕಳೆಯು ದನಕುದುರೆಗಳು ಮೇದು ಮತಿಗೆಡುವ, ಅವರೆಯ ಕುಲಕ್ಕೆ ಸೇರಿದ ಬೇರೊಂದು ಗಿಡ. ಯಾವುದನ್ನು ನಿಷೇಧಿಸುತ್ತಿದ್ದೇವೆಂಬುದೇ ಕಾಯಿದೆ ಬರೆದವರಿಗೆ ಸ್ಪಷ್ಟವಿರಲಿಲ್ಲವೆಂದು ಇದರಿಂದ ಊಹಿಸಬಹುದು. ಮೆಕ್ಸಿಕೋದ ಸ್ಪಾನಿಷಿನಿಂದ ಬಂದ ‘ಮಾರಿಹುವಾನ’ ಎಂಬ ಮಾತು ಜನರ ಬಾಯಲ್ಲಿ ನೆಲೆಗೊಂಡದ್ದು ಆಮೇಲೆ. ಮಾತಿನ ಜೊತೆಗೆ ಭಯದ ಗುರಿಯೂ ಬದಲಾಯಿತು. ಭಾರತೀಯರ ಹೆಸರೆತ್ತಿ ಬೇಡಿದ ಕಾಯಿದೆಯು 1914 ರ ಮೊದಲ ದಾಳಿಗಳಲ್ಲಿಯೇ ಲಾಸ್ ಏಂಜಲೀಸ್ ನಗರದ ಮೆಕ್ಸಿಕನ್ನರ ಕೇರಿಯ ಮೇಲೆ ಬಿದ್ದಿತು.

ಆಮೇಲೆ ದಂಡನೆಯು ಏರುತ್ತ ಹೋಯಿತು. ಮೊದಲು ಮೊದಲ ತಪ್ಪಿಗೆ ನೂರರಿಂದ ನಾನೂರು ಡಾಲರು ಜುಲ್ಮಾನೆ, ಇಲ್ಲವೆ ಐವತ್ತರಿಂದ ನೂರೆಂಬತ್ತು ದಿನಗಳ ಸೆರೆ, ಅಥವಾ ಎರಡೂ. 1925 ರಲ್ಲಿ ಕೇವಲ ಇಟ್ಟುಕೊಂಡದ್ದಕ್ಕೆ ಆರು ವರ್ಷಗಳವರೆಗೆ. 1929 ರಲ್ಲಿ ಎರಡನೆಯ ತಪ್ಪಿಗೆ ಹತ್ತು ವರ್ಷಗಳವರೆಗೆ. 1937 ರಲ್ಲಿ ಬೆಳೆಯುವುದೇ ಬೇರೊಂದು ಅಪರಾಧವಾಯಿತು; ಕೇಂದ್ರದ ತೆರಿಗೆ ಕಾಯಿದೆ ಬಂದದ್ದೂ ಅದೇ ವರ್ಷ. 1954 ರಲ್ಲಿ ಇಟ್ಟುಕೊಂಡವನಿಗೆ ಒಂದರಿಂದ ಹತ್ತು ವರ್ಷ, ಮಾರಿದವನಿಗೆ ಐದರಿಂದ ಹದಿನೈದು ವರ್ಷ ಎಂದು ಗೊತ್ತಾಯಿತು. ಈ ನಲವತ್ತು ವರ್ಷಗಳಲ್ಲಿ ಗಿಡವು ಇದ್ದ ಹಾಗೆಯೇ ಇದ್ದಿತು. ಅದು ಯಾರ ಕೈಯಲ್ಲಿದೆಯೆಂದು ಜನರು ನಂಬಿದ್ದರೋ ಅದರ ಮೇಲೆ ದಂಡನೆಯ ತೂಕವು ನಿಂತಿತ್ತೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಮುಂದಿನ ಇಳಿತವೇ ಸಾಕ್ಷಿ. 1960 ರ ದಶಕದಲ್ಲಿ ಈ ಚಟವು ವಿಶ್ವವಿದ್ಯಾನಿಲಯಗಳಿಗೆ ಹೊಕ್ಕಿತು. ಸೆರೆಸಿಕ್ಕವರಲ್ಲಿ ವಕೀಲರ, ಅಧ್ಯಾಪಕರ, ವರ್ತಕರ ಮಕ್ಕಳು ಕಾಣಿಸಿಕೊಂಡರು. 1974 ರಲ್ಲಿ ಕ್ಯಾಲಿಫೋರ್ನಿಯಾ ಒಂದರಲ್ಲಿಯೇ ಈ ಕಾರಣಕ್ಕಾಗಿ ಬಂಧಿತರಾದವರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಉತ್ತರದ ನೆರೆಯ ಒರೆಗಾನ್ ಸಂಸ್ಥಾನದವರು 1973 ರಲ್ಲಿಯೇ ಒಂದು ಔನ್ಸಿನವರೆಗೆ ನೂರು ಡಾಲರು ಜುಲ್ಮಾನೆ ಸಾಕೆಂದಿದ್ದರು; ಟೆಕ್ಸಾಸಿನಲ್ಲಾದರೋ ಅದೇ ವರ್ಷದವರೆಗೆ ಎಷ್ಟೇ ಅಲ್ಪ ಪ್ರಮಾಣಕ್ಕೂ ಎರಡು ವರ್ಷದಿಂದ ಆಜೀವ ಸೆರೆವಾಸದವರೆಗೆ ವಿಧಿಸಬಹುದಾಗಿತ್ತು. ಜಾರ್ಜ್ ಮಾಸ್ಕೋನಿ ತಂದ ಮಸೂದೆಯು 1975 ರಲ್ಲಿ ಅಂಗೀಕೃತವಾಗಿ, ಮರುವರ್ಷದ ಆರಂಭದಿಂದ ಕ್ಯಾಲಿಫೋರ್ನಿಯಾದಲ್ಲಿಯೂ ಒಂದು ಔನ್ಸಿಗೆ ನೂರು ಡಾಲರು ಜುಲ್ಮಾನೆಯೆಂದಾಯಿತು. ಹಿಂದೆ ಮೆಕ್ಸಿಕನ್ ಕೂಲಿಗಳು ವರ್ಷಗಟ್ಟಲೆ ಸೆರೆಯಲ್ಲಿದ್ದಾಗ ಶಾಸನಸಭೆಗೆ ಹೊಳೆಯದ ಕರುಣೆಯು ಈಗ ಹೊಳೆಯಿತು.

ಉಳಿದ ಕಥೆ ಸಂಕ್ಷೇಪವಾದದ್ದು. 1996 ರಲ್ಲಿ ಮತದಾರರು ವೈದ್ಯರ ಸಲಹೆಯ ಮೇರೆಗೆ ಸೇವಿಸುವುದಕ್ಕೆ ಸಮ್ಮತಿಸಿದರು. ಸಂಸ್ಥಾನದ ಈ ಸಮ್ಮತಿಯು ಕೇಂದ್ರದ ನಿಷೇಧಕ್ಕೆ ಅಡ್ಡಿಯಾಗದೆಂದು ಸರ್ವೋಚ್ಚ ನ್ಯಾಯಾಲಯವು 2005 ರಲ್ಲಿ ತೀರ್ಪಿತ್ತಿತು. 2016 ರಲ್ಲಿ ಮತದಾರರೇ ಮುಂದುವರಿದು, ಇಪ್ಪತ್ತೊಂದು ವರ್ಷ ತುಂಬಿದವರು 28.5 ಗ್ರಾಮಿನವರೆಗೆ ಇಟ್ಟುಕೊಳ್ಳಬಹುದು, ಆರು ಗಿಡಗಳನ್ನು ಬೆಳೆಯಬಹುದು ಎಂದರು. ಪರವಾನಗಿಯಿಲ್ಲದೆ ಮಾರುವುದಕ್ಕೆ ಸಾಮಾನ್ಯವಾಗಿ ಆರು ತಿಂಗಳ ಸೆರೆಯೂ ಐನೂರು ಡಾಲರು ಜುಲ್ಮಾನೆಯೂ ಪರಮಾವಧಿಯಾಯಿತು. ಹಿಂದೆ ಶಿಕ್ಷೆಗೊಳಗಾದವರು ಅರ್ಜಿ ಸಲ್ಲಿಸಿ ಆ ಕಳಂಕವನ್ನು ತೊಡೆದುಕೊಳ್ಳಲೂ ಅದರಲ್ಲಿ ಅವಕಾಶವಿತ್ತು. ಅರ್ಜಿ ಹಾಕಿದವರು ಕೆಲವರೇ ಆದುದರಿಂದ, ಸಂಸ್ಥಾನದ ನ್ಯಾಯ ಇಲಾಖೆಯೇ ತನ್ನ ಕಡತಗಳನ್ನು ತೆಗೆದು, ಹಾಗೆ ತೊಡೆಯಬಹುದಾದ ಹಳೆಯ ಶಿಕ್ಷೆಗಳನ್ನು 2019 ರ ಜುಲೈ ಮೊದಲ ತಾರೀಖಿನೊಳಗೆ ಗುರುತಿಸಬೇಕೆಂದು 2018 ರಲ್ಲಿ ಇನ್ನೊಂದು ಕಾಯಿದೆಯಾಯಿತು.