ಗಾಟಿಂಗೆನ್: ಒಂದು ವಿದ್ಯಾನಗರದ ಏಳುಬೀಳು

ಒಂದು ವಿಶ್ವವಿದ್ಯಾನಿಲಯದ ಸಾಧನೆಯನ್ನು ಅಳೆಯುವ ಕೋಲು ಯಾವುದು? ಕಟ್ಟಡಗಳ ಭವ್ಯತೆಯೆ, ಪದವಿ ಪಡೆದವರ ಎಣಿಕೆಯೆ, ಅಥವಾ ಅಲ್ಲಿಂದ ಹೊರಬಿದ್ದ ಗ್ರಂಥಗಳ ರಾಶಿಯೆ? ಈ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಹುಡುಕುವವರಿಗೆ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯದಷ್ಟು ಬೋಧಪ್ರದವಾದ ನಿದರ್ಶನ ಬೇರೊಂದು ಸಿಗುವುದು ಕಷ್ಟ. ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ, ಭಾಷಾಶಾಸ್ತ್ರ, ಸಂಸ್ಕೃತಾಧ್ಯಯನ – ಇಷ್ಟು ಕ್ಷೇತ್ರಗಳಲ್ಲಿ ಮೊದಲ ಸಾಲಿನ ಸಂಶೋಧನೆ ನಡೆದದ್ದು ಒಂದು ಸಣ್ಣ ಊರಿನಲ್ಲಿ. ಸುಮಾರು ಇನ್ನೂರು ವರ್ಷಗಳ ಕಾಲ ಬೆಳೆದ ಆ ಕೀರ್ತಿ ಕುಸಿದು ಬಿದ್ದದ್ದು ಕೆಲವೇ ತಿಂಗಳುಗಳಲ್ಲಿ. ಈ ಏಳನ್ನೂ ಈ ಬೀಳನ್ನೂ ಒಟ್ಟಿಗೆ ನೋಡಬೇಕು.

ವಿಶ್ವವಿದ್ಯಾನಿಲಯ ವಿಧ್ಯುಕ್ತವಾಗಿ ಪ್ರಾರಂಭವಾದದ್ದು 1737ರಲ್ಲಿ. ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜ್ ಆ ಕಾಲದಲ್ಲಿ ಜರ್ಮನಿಯ ಹ್ಯಾನೋವರ್ ಸೀಮೆಗೂ ಒಡೆಯನಾಗಿದ್ದನು. ಅವನ ಹೆಸರಿನಲ್ಲಿ ಈ ವಿದ್ಯಾಸಂಸ್ಥೆಯನ್ನು ಕಟ್ಟಿದವನು ಮಂತ್ರಿ ಮ್ಯುಂಖ್‌ಹೌಸೆನ್. ಉಳಿದ ಶಾಖೆಗಳ ಬರಹಗಳನ್ನು ಪರಿಶೀಲಿಸಿ ತಡೆಯುವ ಅಧಿಕಾರ ಧರ್ಮಶಾಸ್ತ್ರದ ಪಂಡಿತರಿಗೆ ಇರುತ್ತಿದ್ದ ಕಾಲ ಅದು. ಮ್ಯುಂಖ್‌ಹೌಸೆನ್ ಗಾಟಿಂಗೆನ್ನಿನಲ್ಲಿ ಅವರಿಗೆ ಆ ಅಧಿಕಾರವನ್ನು ಕೊಡಲಿಲ್ಲ. ಜೊತೆಗೆ, ಹೊಸ ಪುಸ್ತಕಗಳನ್ನು ಕ್ರಮವಾಗಿ ಕೊಂಡು ತರಿಸುವ, ವಿದ್ಯಾರ್ಥಿಗಳಿಗೂ ಎರವಲು ಕೊಡುವ ಗ್ರಂಥಭಂಡಾರವೊಂದು ರೂಪುಗೊಂಡಿತು. 1739ರಲ್ಲಿ ವಿದ್ವತ್ ವಿಮರ್ಶೆಯ ಪತ್ರಿಕೆ ಹುಟ್ಟಿತು. 1751ರಲ್ಲಿ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಕಲಿಸುವುದಷ್ಟೇ ಅಲ್ಲ, ಹೊಸದನ್ನು ಕಂಡುಹಿಡಿಯುವುದೂ ಅಧ್ಯಾಪಕನ ಕರ್ತವ್ಯವೆಂಬ ಭಾವನೆ ಇಲ್ಲಿ ಬೇರೂರಿದ್ದು ಈ ಮೂರು ಆಸರೆಗಳಿಂದ.

ಸಾಹಿತ್ಯಾಸಕ್ತರು ಅಲ್ಲಿನ ಮೊದಲ ತಲೆಮಾರುಗಳಲ್ಲಿ ನೆನೆಯಬೇಕಾದವರು ಲಿಖ್ಟೆನ್‌ಬರ್ಗ್. ಅವರು ಭೌತವಿಜ್ಞಾನದ ಪ್ರಾಧ್ಯಾಪಕರು. ಆದರೆ ಜರ್ಮನ್ ಸಾಹಿತ್ಯದಲ್ಲಿ ಅವರು ಬದುಕಿರುವುದು ತಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟ ಚುಟುಕು ನುಡಿಗಳಿಂದ. ವಿದ್ಯುತ್ತು ತುಂಬಿದ ರಾಳದ ಫಲಕದ ಮೇಲೆ ನುಣುಪಾದ ಧೂಳು ಬಿದ್ದಾಗ ಅದು ನಕ್ಷತ್ರಗಳಂತೆ, ಕವಲೊಡೆದ ಗಿಡಗಳಂತೆ ಕೂಡಿಕೊಳ್ಳುವುದನ್ನು ಅವರು 1777ರಲ್ಲಿ ಗಮನಿಸಿದರು. ವಿದ್ಯುತ್ತು ಇರುವ ಎಡೆಗೆ ಪುಡಿ ಅಂಟುತ್ತದೆ ಎಂಬ ಇದೇ ತತ್ತ್ವದ ಮೇಲೆ ನಮ್ಮ ಊರುಗಳ ಜೆರಾಕ್ಸ್ ಯಂತ್ರಗಳು ಕೆಲಸ ಮಾಡುತ್ತವೆ.

ಹತ್ತೊಂಬತ್ತನೆಯ ಶತಮಾನದ ಗಾಟಿಂಗೆನ್ ಎಂದರೆ ಮೊದಲು ನೆನಪಾಗುವ ಹೆಸರು ಗಾಸ್. 1807ರಿಂದ 1855ರಲ್ಲಿ ತೀರಿಕೊಳ್ಳುವವರೆಗೆ ಈ ಮಹಾಗಣಿತಜ್ಞರು ಇಲ್ಲಿನ ವೀಕ್ಷಣಾಲಯದ ನಿರ್ದೇಶಕರಾಗಿದ್ದರು. 1833ರಲ್ಲಿ ಅವರೂ ಭೌತವಿಜ್ಞಾನಿ ವೇಬರ್ ಅವರೂ ಸೇರಿ ವೀಕ್ಷಣಾಲಯದಿಂದ ಭೌತವಿಜ್ಞಾನದ ಪ್ರಯೋಗಶಾಲೆಯವರೆಗೆ, ಊರಿನ ಮನೆಗಳ ಮಾಡಿನ ಮೇಲೆ, ಸುಮಾರು ಒಂದು ಕಿಲೋಮೀಟರು ತಂತಿ ಎಳೆದು ಸಂದೇಶ ಕಳುಹಿಸಿದರು. ವಿದ್ಯುತ್ ತಂತಿ ಸಮಾಚಾರದ ಆದಿಯಲ್ಲಿ ಬರುವ ಪ್ರಯೋಗಗಳಲ್ಲಿ ಇದು ಒಂದು. ಅದೇ ಕಾಲದಲ್ಲಿ ಅದೇ ಊರಿನಲ್ಲಿ ಜಾನಪದ ಕತೆಗಳಿಂದ ಜಗತ್ತಿಗೆ ಪರಿಚಿತರಾದ ಗ್ರಿಮ್ ಸೋದರರು ಜರ್ಮನ್ ಭಾಷೆಯನ್ನೂ ಪುರಾಣವನ್ನೂ ಕುರಿತು ಪಾಠ ಹೇಳುತ್ತಿದ್ದರು.

1837ರಲ್ಲಿ ವಿಶ್ವವಿದ್ಯಾನಿಲಯಕ್ಕೆ ನೂರು ತುಂಬಿತು. ಆ ವರ್ಷವೇ ಪಟ್ಟಕ್ಕೆ ಬಂದ ದೊರೆ ಅರ್ನ್ಸ್ಟ್ ಆಗಸ್ಟ್ ನಾಡಿನ ಸಂವಿಧಾನವನ್ನು ರದ್ದು ಮಾಡಿದನು. ತಾವು ಪ್ರಮಾಣ ಮಾಡಿದ್ದು ಆ ಸಂವಿಧಾನಕ್ಕೆ, ಅದನ್ನು ಮುರಿಯಲಾರೆವು ಎಂದು ಏಳು ಮಂದಿ ಪ್ರಾಧ್ಯಾಪಕರು ಬರೆದುಕೊಟ್ಟರು. ಗ್ರಿಮ್ ಸೋದರರಿಬ್ಬರೂ, ವೇಬರ್ ಅವರೂ ಆ ಏಳರಲ್ಲಿ ಸೇರಿದ್ದರು. ಗಾಸ್ ಅವರ ಅಳಿಯ, ಪ್ರಾಚ್ಯಭಾಷಾ ವಿದ್ವಾಂಸ ಏವಾಲ್ಡ್ ಸಹ ಒಬ್ಬರು. ಗಾಸ್ ಸಹಿ ಹಾಕಲಿಲ್ಲ. ಏಳು ಮಂದಿಯೂ ಕೆಲಸ ಕಳೆದುಕೊಂಡರು. ಯಾಕೋಬ್ ಗ್ರಿಮ್ ಸೇರಿ ಮೂವರು ಮೂರು ದಿನಗಳೊಳಗೆ ನಾಡನ್ನೇ ಬಿಡಬೇಕಾಯಿತು. ತಂತಿಯ ಎರಡು ತುದಿಗಳಲ್ಲಿ ಕುಳಿತು ಸಂಭಾಷಿಸುತ್ತಿದ್ದ ಗಾಸ್, ವೇಬರ್ ಇವರ ಜೊತೆಗಾರಿಕೆಗೆ ರಾಜಕೀಯ ಹೀಗೆ ತಡೆಯೊಡ್ಡಿತು.

ಪೆಟ್ಟು ಬಿದ್ದರೂ ಸಂಸ್ಥೆ ಚೇತರಿಸಿಕೊಂಡಿತು. 1836ರಲ್ಲಿ ಇಲ್ಲಿಗೆ ಬಂದ ವ್ಯೋಲರ್ ರಸಾಯನವಿಜ್ಞಾನದ ದೊಡ್ಡ ಶಿಷ್ಯಪರಂಪರೆಯನ್ನೇ ಬೆಳೆಸಿದರು. ಅವರ ಪೀಠಕ್ಕೆ ಮುಂದೆ ಬಂದ ವಾಲಾಖ್, ಸಸ್ಯಗಳ ಸುಗಂಧ ತೈಲಗಳಲ್ಲಿರುವ ವಸ್ತುಗಳ ರಚನೆಯನ್ನು ಬಿಡಿಸಿ 1910ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. 1854ರ ಜೂನ್ ತಿಂಗಳಲ್ಲಿ ರೀಮಾನ್ ಎಂಬ ನಾಚಿಕೆ ಸ್ವಭಾವದ ತರುಣ, ಅಧ್ಯಾಪನದ ಅರ್ಹತೆಗಾಗಿ, ರೇಖಾಗಣಿತದ ತಳಹದಿಯನ್ನು ಕುರಿತು ಉಪನ್ಯಾಸ ಕೊಟ್ಟರು. ಸಭೆಯಲ್ಲಿ ಮುಪ್ಪಿನ ಗಾಸ್ ಕುಳಿತಿದ್ದರು. ಆಕಾಶವೇ ಬಾಗಬಹುದು, ಅದರ ಬಾಗನ್ನು ಅಳೆಯಬಹುದು ಎಂಬ ಆ ವಿಚಾರ ಅರವತ್ತು ವರ್ಷಗಳ ನಂತರ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಭಾಷೆಯಾಗಿ ಒದಗಿತು.

ಇಷ್ಟು ಗಣಿತದ ನಡುವೆ ಕನ್ನಡಿಗರಿಗೆ ಹತ್ತಿರವಾದ ಒಂದು ಅಧ್ಯಾಯವೂ ಇದೆ. ಸಂಸ್ಕೃತ ವಿದ್ವಾಂಸ ಥಿಯೋಡೋರ್ ಬೆನ್‌ಫೈ 1859ರಲ್ಲಿ ಪಂಚತಂತ್ರವನ್ನು ಜರ್ಮನ್ ಭಾಷೆಗೆ ತಂದರು. ಅದರ ಕತೆಗಳು ಪರ್ಷಿಯಾ, ಅರೇಬಿಯಾಗಳ ದಾರಿಯಿಂದ ಯೂರೋಪಿಗೆ ನಡೆದು ಹೋದದ್ದನ್ನು ಹೆಜ್ಜೆಹೆಜ್ಜೆಯಾಗಿ ತೋರಿಸಿದರು. ದುರ್ಗಸಿಂಹನ ಪಂಚತಂತ್ರವನ್ನು ಓದಿ ಬೆಳೆದ ನಮಗೆ ಈ ಶೋಧದ ಬೆಲೆ ತಿಳಿಯುತ್ತದೆ. ಆದರೆ ಯಹೂದಿಯಾಗಿ ಹುಟ್ಟಿದ ಬೆನ್‌ಫೈ ಅವರಿಗೆ ಪೂರ್ಣ ಪ್ರಾಧ್ಯಾಪಕ ಪದವಿ ದೊರೆತದ್ದು, ಅವರು ಮತಾಂತರ ಹೊಂದಿದ ಎಷ್ಟೋ ವರ್ಷಗಳ ಮೇಲೆ, 1862ರಲ್ಲಿ. ಮುಂದಿನ ದುರಂತದ ಬೀಜ ಇಲ್ಲೇ ಇತ್ತು.

ಬೆನ್‌ಫೈ ಅವರ ಪೀಠಕ್ಕೆ 1882ರಲ್ಲಿ ಬಂದವರು ಕೀಲ್‌ಹಾರ್ನ್. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಹಲವು ವರ್ಷ ಸಂಸ್ಕೃತ ಕಲಿಸಿ, ಪತಂಜಲಿಯ ಮಹಾಭಾಷ್ಯವನ್ನು ಸಂಪಾದಿಸಿದವರು. ಶಾಸನಗಳಲ್ಲಿ ಬರುವ ತಿಥಿವಾರಗಳನ್ನು ಲೆಕ್ಕ ಹಾಕಿ ಕಾಲವನ್ನು ಖಚಿತಪಡಿಸುವುದರಲ್ಲಿ ಅವರದು ಎತ್ತಿದ ಕೈ. ಐಹೊಳೆಯ ಮೇಗುತಿ ಗುಡಿಯಲ್ಲಿರುವ ರವಿಕೀರ್ತಿಯ ಶಾಸನ, ಅಂದರೆ ಇಮ್ಮಡಿ ಪುಲಿಕೇಶಿಯ ಪ್ರಶಸ್ತಿ, ಶಕವರ್ಷ 556ರದು. ಫ್ಲೀಟ್ ಅವರು ಮೊದಲು ಬೆಳಕಿಗೆ ತಂದಿದ್ದ ಆ ಶಾಸನವನ್ನು ಮತ್ತೆ ಪರಿಷ್ಕರಿಸಿ ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದಲ್ಲಿ ಪ್ರಕಟಿಸಿದವರು ಕೀಲ್‌ಹಾರ್ನ್. ಕದಂಬರ ಮೂಲವನ್ನು ಹೇಳುವ ತಾಳಗುಂದದ ಸ್ತಂಭಶಾಸನವನ್ನು ಎಂಟನೆಯ ಸಂಪುಟದಲ್ಲಿ ಸಂಪಾದಿಸಿದವರೂ ಅವರೇ. ರವಿಕೀರ್ತಿಯ, ಕುಬ್ಜನ ಪದ್ಯಗಳು ಹೀಗೆ ರೀಮಾನ್ ಪಾಠ ಹೇಳಿದ ಊರಿನಲ್ಲಿ ಅಕ್ಷರ ಅಕ್ಷರವಾಗಿ ಪರಿಶೋಧನೆಗೊಂಡವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫೆಲಿಕ್ಸ್ ಕ್ಲೈನ್ ಮತ್ತು ಡೇವಿಡ್ ಹಿಲ್ಬರ್ಟ್ ಇವರ ನೇತೃತ್ವದಲ್ಲಿ ಗಾಟಿಂಗೆನ್ ಗಣಿತದ ರಾಜಧಾನಿಯಾಯಿತು. 1904ರಲ್ಲಿ ಕ್ಲೈನ್ ಕರೆಸಿಕೊಂಡ ಪ್ರಾಂಟಲ್ ಗಾಳಿಯ ಹರಿವಿನ ಶಾಸ್ತ್ರವನ್ನು ಕಟ್ಟಿದರು. ವಿಮಾನವಿದ್ಯೆ ಅದಕ್ಕೆ ಋಣಿ. 1915ರಲ್ಲಿ ಎಮ್ಮಿ ನೊಯ್ತರ್ ಬಂದರು. ಹೆಣ್ಣೆಂಬ ಒಂದೇ ಕಾರಣಕ್ಕೆ ಅವರಿಗೆ ಅಧ್ಯಾಪನದ ಹಕ್ಕನ್ನು ನಿರಾಕರಿಸಿದವರಲ್ಲಿ ಇತಿಹಾಸ, ಭಾಷಾಶಾಸ್ತ್ರಗಳ ಪಂಡಿತರೇ ಮುಂದಾಗಿದ್ದರೆಂಬುದನ್ನು ನಮ್ಮಂತಹ ಭಾಷಾಧ್ಯಾಪಕರು ಮರೆಯಬಾರದು. ಹಿಲ್ಬರ್ಟ್ ತಮ್ಮ ಹೆಸರಿನಲ್ಲಿ ಉಪನ್ಯಾಸ ಪ್ರಕಟಿಸಿ ಆಕೆಯಿಂದ ಪಾಠ ಮಾಡಿಸಿದರು. ಪ್ರಕೃತಿಯಲ್ಲಿ ಶಕ್ತಿಯಂತಹ ರಾಶಿಗಳು ಕಳೆಯದೆ ಉಳಿಯುವುದಕ್ಕೂ ಪ್ರಕೃತಿ ನಿಯಮಗಳ ಸಮರೂಪತೆಗೂ ಇರುವ ನಂಟನ್ನು ನೊಯ್ತರ್ 1918ರಲ್ಲಿ ಸಾಧಿಸಿ ತೋರಿಸಿದರು. ಹಕ್ಕು ದೊರೆತದ್ದು 1919ರಲ್ಲಿ.

1925ರಲ್ಲಿ ಶಿಖರ ಮುಟ್ಟಿತು. ಇಪ್ಪತ್ತಮೂರರ ತರುಣ ಹೈಸೆನ್‌ಬರ್ಗ್ ಪರಮಾಣುವಿನ ಹೊಸ ಗಣಿತವೊಂದನ್ನು ಬರೆದು ತಂದರು. ಅದರಲ್ಲಿ ಗುಣಾಕಾರದ ಕ್ರಮ ಬದಲಾಯಿಸಿದರೆ ಉತ್ತರವೂ ಬದಲಾಗುತ್ತಿತ್ತು. ಇದು ಗಣಿತಜ್ಞರು ಮೊದಲೇ ಬಲ್ಲ ಮ್ಯಾಟ್ರಿಕ್ಸುಗಳ ಗುಣವೆಂದು ಮ್ಯಾಕ್ಸ್ ಬಾರ್ನ್ ಗುರುತಿಸಿದರು. ಯೋರ್ಡಾನ್ ಜೊತೆಗೂಡಿದರು. ಕ್ವಾಂಟಂ ಯಂತ್ರಶಾಸ್ತ್ರ ಹೀಗೆ ರೂಪು ತಳೆಯಿತು. ಗಣಿತವೂ ಭೌತವಿಜ್ಞಾನವೂ ಅಕ್ಕಪಕ್ಕದ ಮನೆಗಳಂತಿದ್ದ ಊರಿನಲ್ಲಿ ಇದು ಸಹಜವಾಗಿತ್ತು.

ಎಂಟು ವರ್ಷ ಕಳೆಯಿತು. 1933ರ ಏಪ್ರಿಲ್ 7ರಂದು ಹಿಟ್ಲರನ ಸರ್ಕಾರ ಯಹೂದಿಗಳನ್ನು ಸರ್ಕಾರಿ ಸೇವೆಯಿಂದ ಹೊರಹಾಕುವ ಶಾಸನ ಮಾಡಿತು. ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಿಗೆ ವಿನಾಯಿತಿ ಇತ್ತು. ನೊಬೆಲ್ ಪುರಸ್ಕೃತ ಜೇಮ್ಸ್ ಫ್ರಾಂಕ್ ಆ ವಿನಾಯಿತಿಯನ್ನು ಬೇಡವೆಂದು ಏಪ್ರಿಲ್ 17ರಂದು ಬಹಿರಂಗವಾಗಿ ರಾಜೀನಾಮೆ ಕೊಟ್ಟರು. ನೂರು ವರ್ಷಗಳ ಹಿಂದೆ ಏಳು ಮಂದಿ ಎದ್ದು ನಿಂತ ವಿಶ್ವವಿದ್ಯಾನಿಲಯದಲ್ಲಿ ಈಗ ನಲವತ್ತೆರಡು ಮಂದಿ ಅಧ್ಯಾಪಕರು ಸಹಿ ಹಾಕಿದರು – ಫ್ರಾಂಕ್ ಪರವಾಗಿ ಅಲ್ಲ, ಅವರ ರಾಜೀನಾಮೆಯನ್ನು ಖಂಡಿಸಿ. ಆ ತಿಂಗಳು ಮುಗಿಯುವುದರೊಳಗೆ ಬಾರ್ನ್, ಕೂರಾಂಟ್, ನೊಯ್ತರ್ ಇವರನ್ನು ಕೆಲಸದಿಂದ ದೂರವಿಟ್ಟದ್ದಾಯಿತು. ಮೇ 10ರಂದು ಊರಿನಲ್ಲಿ ಪುಸ್ತಕಗಳನ್ನು ಸುಟ್ಟರು. ನವೆಂಬರಿನಲ್ಲಿ ವಿದ್ಯಾರ್ಥಿಗಳೇ ಗಣಿತಜ್ಞ ಲಾಂಡೌ ಅವರ ತರಗತಿಯನ್ನು ಬಹಿಷ್ಕರಿಸಿದರು. ಯಹೂದಿ ಪ್ರಭಾವ ತೊಲಗಿದ ಮೇಲೆ ಗಣಿತ ಹೇಗಿದೆ ಎಂದು ಮಂತ್ರಿಯೊಬ್ಬ ಔತಣಕೂಟದಲ್ಲಿ ಕೇಳಿದಾಗ, ವೃದ್ಧ ಹಿಲ್ಬರ್ಟ್, ಗಾಟಿಂಗೆನ್ನಿನಲ್ಲಿ ಗಣಿತವೆಂಬುದೇ ಈಗ ಇಲ್ಲ ಎಂದರೆಂದು ಹೇಳುತ್ತಾರೆ.

ಚದುರಿಹೋದವರಲ್ಲಿ ಬಾರ್ನ್ ನಮ್ಮ ಬೆಂಗಳೂರಿಗೂ ಬಂದರು. ಸರ್ ಸಿ. ವಿ. ರಾಮನ್ ಅವರ ಆಹ್ವಾನದ ಮೇಲೆ 1935–36ರಲ್ಲಿ ಸುಮಾರು ಆರು ತಿಂಗಳು ಭಾರತೀಯ ವಿಜ್ಞಾನ ಮಂದಿರದಲ್ಲಿದ್ದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಲು ರಾಮನ್ ಯತ್ನಿಸಿದರು. ಸಂಸ್ಥೆಯೊಳಗಿನ ವಿರೋಧದಿಂದ ಅದು ಫಲಿಸಲಿಲ್ಲ. ಬಾರ್ನ್ ಎಡಿನ್‌ಬರೋಗೆ ಹೋದರು. ನೊಬೆಲ್ ಪಾರಿತೋಷಕ ಅವರನ್ನು ಹುಡುಕಿಕೊಂಡು ಬಂದದ್ದು 1954ರಲ್ಲಿ. ನಾಜಿಗಳು ಕಳೆದುಕೊಂಡುದನ್ನು ಪಡೆಯುವ ಯೋಗ ನಮ್ಮ ಬಾಗಿಲಿಗೆ ಬಂದು ಹಿಂದಿರುಗಿತು.

ಯುದ್ಧಾನಂತರ ಗಾಟಿಂಗೆನ್ ಮತ್ತೆ ಎದ್ದಿತು. 1957ರಲ್ಲಿ ಬಾರ್ನ್, ಹೈಸೆನ್‌ಬರ್ಗ್, ಆಟೊ ಹಾನ್ ಮೊದಲಾದ ಹದಿನೆಂಟು ವಿಜ್ಞಾನಿಗಳು ಜರ್ಮನಿ ಅಣ್ವಸ್ತ್ರ ಹೊಂದಬಾರದೆಂದು ಹೊರಡಿಸಿದ ಹೇಳಿಕೆ ಈ ಊರಿನ ಹೆಸರಿನಿಂದಲೇ ಪ್ರಸಿದ್ಧ. ಜೀವಕೋಶದ ಪೊರೆಯಲ್ಲಿನ ಒಂದೊಂದು ಸೂಕ್ಷ್ಮದ್ವಾರದಲ್ಲಿ ಹರಿಯುವ ವಿದ್ಯುತ್ತನ್ನು ಅಳೆದ ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ನೇಯರ್ ಮತ್ತು ಜಾಕ್‌ಮನ್ ಅವರಿಗೆ 1991ರಲ್ಲಿ ನೊಬೆಲ್ ದೊರೆಯಿತು. ಆದರೆ ಹಿಲ್ಬರ್ಟರ ಕಾಲದ ಗಣಿತ ಮಂಡಲ ಅಲ್ಲಿಗೆ ಮರಳಲಿಲ್ಲ. ಅದು ಅಮೆರಿಕದಲ್ಲಿ ನೆಲೆಯೂರಿತ್ತು.

ಕಟ್ಟಡ 1934ರಲ್ಲೂ ಇತ್ತು. ಗ್ರಂಥಭಂಡಾರ ಇತ್ತು, ಹಣವೂ ಇತ್ತು. ಇಲ್ಲವಾದದ್ದು ಬೇರೆ ಬೇರೆ ವಿದ್ಯೆಯವರು ಒಂದೆಡೆ ಕುಳಿತು ನಿರ್ಭಯವಾಗಿ ಮಾತನಾಡುವ ನೆರೆಹೊರೆ. ಆ ನೆರೆಹೊರೆಯನ್ನು ಕಟ್ಟಲು ತಲೆಮಾರುಗಳು ಬೇಕಾದವು. ಅದನ್ನು ಕೆಡವಲು ಒಂದು ಶಾಸನ ಸಾಕಾಯಿತು. ಸಹೋದ್ಯೋಗಿಗಳ ಮೌನ ಆ ಕೆಲಸವನ್ನು ಸುಲಭಗೊಳಿಸಿತು. ಯಾವ ನಾಡಿನ ವಿಶ್ವವಿದ್ಯಾನಿಲಯವನ್ನು ಅಳೆಯುವಾಗಲೂ ಮೊದಲು ಕೇಳಬೇಕಾದದ್ದು ಈ ನೆರೆಹೊರೆ ಅಲ್ಲಿ ಇದೆಯೆ ಎಂಬುದನ್ನೇ.