ಟೂರ್ ದ ಫ್ರಾನ್ಸ್‌ನ ಊಳಿಗದವರು

ಫ್ರಾನ್ಸಿನ 'ಲೋತೊ' ಪತ್ರಿಕೆಯು ತನ್ನ ಮಾರಾಟವನ್ನು ಹೆಚ್ಚಿಸಿಕೊಳ್ಳಲೆಂದು 1903ರಲ್ಲಿ ಆರಂಭಿಸಿದ ಟೂರ್ ದ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ, ತಂಡದ ನಾಯಕನ ಗೆಲುವಿಗಾಗಿ ಉಳಿದ ಸವಾರರು ತಮ್ಮ ಗೆಲುವನ್ನು ಬಿಟ್ಟುಕೊಡುವುದು ಇಂದು ಒಪ್ಪಿತವಾದ ರೂಢಿಯಾಗಿದ್ದರೂ, ಆರಂಭದ ದಶಕಗಳಲ್ಲಿ ಅದೇ ನಡವಳಿಕೆ ದಂಡನೆಗೆ ಗುರಿಯಾಗುತ್ತಿತ್ತು. ಪತ್ರಿಕೆಯ ಸಂಪಾದಕನೂ ಪಂದ್ಯದ ಸರ್ವಾಧಿಕಾರಿಯೂ ಆಗಿದ್ದ ಆನ್ರಿ ದೆಗ್ರಾಂಜ್, ಪ್ರತಿಯೊಬ್ಬ ಸವಾರನೂ ತನ್ನ ತೋಳು ಕಾಲುಗಳ ಬಲವನ್ನಷ್ಟೇ ನಂಬಿ ಏಕಾಂಗಿಯಾಗಿ ಸೆಣಸಬೇಕೆಂದು ಹಟ ಹಿಡಿದಿದ್ದನು. 1911ರಲ್ಲಿ ತನ್ನ ಗೆಲುವಿನ ಆಸೆ ಮುಗಿದ ಮೇಲೆ ಫ್ರಾಂಸ್ವಾ ಫಾಬೆರ್‌ನಿಗೆ ನೆರವಾದ ಮೋರಿಸ್ ಬ್ರೊಕೊನನ್ನು ದೆಗ್ರಾಂಜ್ 'ದೊಮೆಸ್ತೀಕ್', ಅಂದರೆ ಮನೆಯಾಳು, ಎಂದು ಹೀಗಳೆದನು. ಮುಂದಿನ ಹಂತದಲ್ಲಿ ಬ್ರೊಕೊ ಎಲ್ಲರನ್ನೂ ಹಿಂದೆ ಹಾಕಿ ತನ್ನ ಕಸುವನ್ನು ತೋರಿಸಿದರೂ ಅವನನ್ನು ಪಂದ್ಯದಿಂದ ಹೊರಹಾಕಲಾಯಿತು. 1913ರಲ್ಲಿ ತೂರ್ಮಾಲೆ ಕಣಿವೆದಾರಿಯ ಇಳಿಜಾರಿನಲ್ಲಿ ಯೂಜೆನ್ ಕ್ರಿಸ್ತೋಫ್‌ನ ಸೈಕಲ್ಲಿನ ಮುಂಗವಲು ಮುರಿದಾಗ ಅವನು ಅದನ್ನು ಹೊತ್ತು ಹಲವು ಕಿಲೋಮೀಟರ್ ನಡೆದು, ಹಳ್ಳಿಯ ಕುಲುಮೆಯಲ್ಲಿ ತಾನೇ ಬೆಸೆದುಕೊಂಡನು. ಆದರೆ ತಿದಿಯನ್ನು ಒತ್ತಿದವನು ಕುಲುಮೆಯ ಹುಡುಗನೆಂಬ ಕಾರಣಕ್ಕೆ ಅಧಿಕಾರಿಗಳು ಅವನಿಗೆ ಸಮಯದ ದಂಡ ವಿಧಿಸಿದರು.

ಈ ಹಟಕ್ಕೆ ಎದುರಾಗಿ ನಿಂತದ್ದು ಗಾಳಿ. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುವುದರಿಂದ, ಮುಂದಿನವನ ಮರೆಯಲ್ಲಿ ಸಾಗುವವನಿಗೆ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆದುದರಿಂದ ಪರಸ್ಪರ ನೆರವನ್ನು ಯಾವ ನಿಯಮಾವಳಿಯೂ ಬಹುಕಾಲ ತಡೆದಿಡುವಂತಿರಲಿಲ್ಲ. ಸೈಕಲ್ ಕಂಪನಿಗಳು ತಮ್ಮ ಸಂಬಳದ ಸವಾರರ ನಡುವೆ ನಡೆಸುತ್ತಿದ್ದ ಒಳಒಪ್ಪಂದಗಳಿಂದ ಬೇಸತ್ತ ದೆಗ್ರಾಂಜ್ 1930ರಲ್ಲಿ ಕಂಪನಿಗಳನ್ನು ಬದಿಗೆ ಸರಿಸಿ ರಾಷ್ಟ್ರೀಯ ತಂಡಗಳನ್ನು ಕರೆಸಿದನು. ತಂಡಗಳನ್ನು ಒಡೆಯಲು ಹೊರಟವನೇ ಹೀಗೆ ತಂಡಗಳಿಗೆ ಮುದ್ರೆಯೊತ್ತಿದ್ದು ಈ ಇತಿಹಾಸದ ವಿಚಿತ್ರ. ಅದೇ ವರ್ಷ ಗಾಲಿಬಿಯೆ ಇಳಿಜಾರಿನಲ್ಲಿ ಬಿದ್ದು ಗಾಯಗೊಂಡ ಆಂದ್ರೆ ಲೆದುಕ್‌ನನ್ನು ಫ್ರೆಂಚ್ ತಂಡದವರು ಕಾದುನಿಂತು, ಸರದಿಯಂತೆ ಗಾಳಿಗೆ ಎದೆಯೊಡ್ಡಿ ಮುಂಚೂಣಿಗೆ ತಲುಪಿಸಿದರು; ಅವನು ಆ ಹಂತವನ್ನೂ ಕೊನೆಗೆ ಪಂದ್ಯವನ್ನೂ ಗೆದ್ದನು.

ನೆರವಿನ ಬೆಲೆ ಎಷ್ಟೆಂಬುದು 1934ರಲ್ಲಿ ತಿಳಿಯಿತು. ಕಾನ್ ಪಟ್ಟಣದಲ್ಲಿ ಹಿಂದೆ ಲಿಫ್ಟ್ ನಡೆಸುತ್ತಿದ್ದ, ಇಪ್ಪತ್ತು ವರ್ಷದ ರೆನೆ ವಿಯೆತೊ ಪಿರನೀಸ್ ಪರ್ವತಗಳಲ್ಲಿ ತನ್ನ ಮುಂದಿನ ಚಕ್ರವನ್ನು ಬಿಚ್ಚಿ, ಒಟ್ಟು ಸಮಯದಲ್ಲಿ ಎಲ್ಲರಿಗಿಂತ ಮುಂದಿದ್ದು ಹಳದಿ ಅಂಗಿ ತೊಟ್ಟಿದ್ದ ನಾಯಕ ಆಂತೊನಾಂ ಮಾಞನಿಗೆ ಕೊಟ್ಟನು. ಮರುದಿನ ಮಾಞ ಮತ್ತೆ ಕೆಟ್ಟ ಸೈಕಲ್ಲಿನೊಂದಿಗೆ ಹಿಂದುಳಿದಾಗ, ಇಳಿದ ದಾರಿಯನ್ನೇ ತಿರುಗಿ ಹತ್ತಿ ಸಹಾಯಕ್ಕೆ ಹೋದನು. ಬದಲಿ ಚಕ್ರಕ್ಕಾಗಿ ಕಾಯುತ್ತ ಕಲ್ಲಿನ ಗೋಡೆಯ ಮೇಲೆ ಕುಳಿತ ವಿಯೆತೊನ ಛಾಯಾಚಿತ್ರ ಫ್ರಾನ್ಸಿನ ಮನೆಮಾತಾಯಿತು. ಅದನ್ನು ನಿಸ್ವಾರ್ಥದ ಪ್ರತಿಮೆಯೆಂದು ಕೊಂಡಾಡುವುದು ವಾಡಿಕೆಯಾದರೂ, ಆ ಮುಖದಲ್ಲಿರುವ ಸಂಕಟವನ್ನು ಕಂಡವರು ಅದನ್ನು ಸಂತೋಷದ ದಾನವೆಂದು ಕರೆಯಲಾರರು. ಮಾಞ ಪಂದ್ಯವನ್ನು ಗೆದ್ದನು, ವಿಯೆತೊ ಐದನೆಯವನಾದನು.

ಇಟಲಿಯಲ್ಲಿ 'ಗ್ರೆಗಾರಿಯೊ' ಎಂದು ಕರೆಯಲಾಗುವ ಈ ಸಹಾಯಕ ಸವಾರನ ಮನೋಧರ್ಮ ಎಷ್ಟು ಆಳಕ್ಕೆ ಇಳಿದಿತ್ತೆಂಬುದಕ್ಕೆ 1952ರ ಪ್ರಸಂಗವೊಂದಿದೆ. ಮುಂದೆ ನುಗ್ಗಿದ ಗುಂಪೊಂದರ ಜೊತೆ ಸಾಗಿದ ಆಂದ್ರೆಯಾ ಕರ್ರೆಯಾನಿಗೆ ಲೋಸಾನ್‌ನಲ್ಲಿ ಅನಿರೀಕ್ಷಿತವಾಗಿ ಹಳದಿ ಅಂಗಿ ದೊರೆತಾಗ, ಅವನು ನಾಯಕನಾದ ಫಾಸ್ತೊ ಕೊಪ್ಪಿಯ ಎದುರು ಅಳುತ್ತ ಕ್ಷಮೆ ಕೇಳಿದನು. ಮರುದಿನ ಆಲ್ಪ್ ದ್ಯುಯೆಜ್ ಬೆಟ್ಟದ ಮೇಲೆ ಆ ಅಂಗಿ ಕೊಪ್ಪಿಗೆ ಸೇರಿತು.

ಇಂತಹ ನಿಷ್ಠೆಯನ್ನು ಉಳಿಸಿದ್ದು ಉಪದೇಶವೊಂದೇ ಅಲ್ಲ. ಗೆದ್ದವನು ಬಹುಮಾನದ ಹಣವನ್ನು ತಂಡದವರಿಗೆ ಹಂಚುವ ಪದ್ಧತಿ ಬೇರೂರಿದ್ದರಿಂದಲೇ ಒಬ್ಬನ ಊಳಿಗವು ಎಲ್ಲರ ಪಾಲುದಾರಿಕೆಯಾಯಿತು. ಆ ಪದ್ಧತಿ ಇಂದಿಗೂ ನಡೆದಿದೆ.